ಕಾಡುಬೆಕ್ಕಿನ ಮಗಳೂ ಹದಿನಾಲ್ಕು ಸೂಜಿಗಳೂ

ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನಿಗೆ ಇಂಥ ಪ್ರಸಂಗಗಳಿಗೇನೂ ಬರವಿಲ್ಲ. ಎಮ್ಮೆ ಒದ್ದಿದ್ದು, ಹಂದಿ ಅಟ್ಟಿಸಿಕೊಂಡು ಬಂದಿದ್ದು, ಎಲ್ಲಕ್ಕೂ ಈಗ ನಗಬಹುದು. ನಡೆಯುವ ಹೊತ್ತಿಗೆ ಮಾತ್ರ ನಮಗೆ ನಗು ಬಂದದ್ದು ಕಡಿಮೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಳಸದಿಂದ ಸಂಸೆಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯಲ್ಲಿದ್ದೆ. ಅಲ್ಲಿನ ಒಂದು ಬೆಕ್ಕಿನಿಂದ ಆದದ್ದನ್ನಷ್ಟೇ ಹೇಳುತ್ತೇನೆ.

೧. ತಂದೆಯ ಕಾಲಂ

ಆಸ್ಪತ್ರೆಯ ಎದುರಿಗೇ ಜೀಪು ರಿಪೇರಿಯ ಶೆಡ್ಡು. ಅದರ ಮೆಕ್ಯಾನಿಕ್ಕನ್ನು ಪೇಟೆಯವರೆಲ್ಲ ಸಾಹೇಬ್ರು ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಹೆಂಡತಿ ಹೆಡ್‌ಲೈಟಿನ ರಟ್ಟಿನ ಡಬ್ಬಿಯಲ್ಲಿ ಒಂದು ಬೆಕ್ಕಿನ ಮರಿ ಇಟ್ಟುಕೊಂಡು ಬಂದರು.

"ಮೂರರಲ್ಲಿ ಎರಡು ಸತ್ತೇ ಹೋದ್ವು ಡಾಕ್ಟ್ರೇ. ಇದೊಂದಾದ್ರೂ ಉಳೀಲಿ."

ಡಾಕ್ಟರು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಹಳದಿ ಮೈ, ಅದರ ತುಂಬ ಚಿರತೆಯ ಹಾಗೆ ಕಪ್ಪು ಚುಕ್ಕಿ, ಹಣೆಯ ಮೇಲೆ ನಾಲ್ಕು ಗೀರು.

"ಇದರ ತಾಯಿ ಯಾವುದು?"

"ನಮ್ಮ ಮನೆ ಬೂದು ಬೆಕ್ಕೇ. ಎರಡು ತಿಂಗಳ ಹಿಂದೆ ಎಸ್ಟೇಟ್ ಕಡೆ ಹೋಗಿ ಎಂಟು ದಿನ ಬಂದಿರ್ಲಿಲ್ಲ."

"ಹಾಗಾದ್ರೆ ಅಪ್ಪ ಕಾಡುಬೆಕ್ಕು. ಇದು ಬೆರಕೆ."

ಆಕೆಯ ಮುಖ ಕೆಂಪಾಯಿತು. "ನಮ್ಮ ಬೆಕ್ಕು ಅಂಥದ್ದಲ್ಲ ಡಾಕ್ಟ್ರೇ."

ಆಗ ಎಲ್ಲೆಲ್ಲೂ ಜೆರ್ಸಿ ದನಗಳ ಮಿಶ್ರತಳಿಯ ಕಾಲ. ನಮ್ಮ ರಿಜಿಸ್ಟರಿನಲ್ಲಿ ತಾಯಿಗೊಂದು, ತಂದೆಗೊಂದು ಕಾಲಂ ಇತ್ತು. ತಂದೆಯ ಕಾಲಮ್ಮಿಗೆ ಎಂತ ಬರೀಲಿ ಸಾರ್ ಎಂದು ಕೇಳಿದೆ. ಡಾಕ್ಟರು ಆಕೆಯ ಮುಖ ನೋಡಿ, ಸ್ವಲ್ಪ ಯೋಚಿಸಿ, ಗಂಭೀರವಾಗಿಯೇ ಹೇಳಿದರು:

"ಅರಣ್ಯ ಇಲಾಖೆಗೆ ಸೇರಿದವರು ಅಂತ ಬರ್ಕೊಳ್ರಿ."

೨. ಶೆಟ್ರ ಹಂಡೆ

ತಾಯಿ ಬೆಕ್ಕು ಹಾಲು ಕೊಡದ ಕಾರಣ ಆಕೆಯೇ ಎರಡು ಗಂಟೆಗೊಮ್ಮೆ ಇಂಕ್ ಫಿಲ್ಲರಿನಲ್ಲಿ ಹಾಲು ಹನಿಸಿ ಮರಿಯನ್ನು ಉಳಿಸಿಕೊಂಡರು. ಚುಕ್ಕಿ ಎಂದು ಹೆಸರಿಟ್ಟರು. ಚುಕ್ಕಿ ಮಿಯಾಂವ್ ಅಂದದ್ದನ್ನು ಯಾರೂ ಕೇಳಲಿಲ್ಲ. ಬೇರೆ ಬೆಕ್ಕುಗಳಿಗೆ ನೀರೆಂದರೆ ಆಗದು. ಇದು ಸಾಹೇಬ್ರು ಪಂಕ್ಚರ್ ನೋಡುವ ನೀರಿನ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿ ಕೂರುತ್ತಿತ್ತು. ಇನ್ನೊಂದು ಅಭ್ಯಾಸವೂ ತಂದೆಯ ಕಡೆಯಿಂದ ಬಂದಿತ್ತು. ವಾಸನೆ ಹಿಡಿದು ಯಾರೂ ಬರಬಾರದೆಂದು ಕಾಡುಬೆಕ್ಕುಗಳು ಮಾಡುವ ಗಲೀಜನ್ನು ನೀರಿನಲ್ಲೇ ಮಾಡುತ್ತವಂತೆ.

ಶೆಡ್ಡಿಗೆ ಅಂಟಿಕೊಂಡ ದಿನಸಿ ಅಂಗಡಿ ಶೆಟ್ರದ್ದು. ಹಣೆ ತುಂಬ ವಿಭೂತಿ, ನಡೆಯಲ್ಲಿ ಶಿಸ್ತು. ಅಂಗಡಿಯ ಹಿಂದೆ ಕುಡಿಯುವ ನೀರಿನ ಹಿತ್ತಾಳೆ ಹಂಡೆ. ಒಂದು ದಿನ ಅದರ ಅಂಚಿನಲ್ಲಿ ಚುಕ್ಕಿ ಬಾಲ ಎತ್ತಿ ಕೂತದ್ದನ್ನು ಅವರು ಕಣ್ಣಾರೆ ಕಂಡರು. ಖಾಲಿ ಹಂಡೆಯನ್ನು ಹೊತ್ತುಕೊಂಡು ಸೀದಾ ಆಸ್ಪತ್ರೆಗೇ ಬಂದರು.

"ಇದಕ್ಕೆ ಎಂತ ಮಾಡ್ಬೇಕು ಹೇಳಿ ಡಾಕ್ಟ್ರೇ."

"ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ ತೊಳೀರಿ, ಸಾಕು."

"ಹಂಡೆಗೆ ಸಾಕು," ಎಂದರು ಶೆಟ್ರು. "ನನ್ನ ಹೊಟ್ಟೆಗೆ?"

೩. ಹಿಡಿಯಲು ಹೋದ ಮೂವರು

ಅಂದಿನಿಂದ ಸಾಹೇಬ್ರಿಗೂ ಶೆಟ್ರಿಗೂ ಮಾತು ನಿಂತಿತು. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದೇ ವರ್ಷ ಎಸ್ಟೇಟಿನ ಕೂಲಿಯವನೊಬ್ಬನಿಗೆ ಹುಚ್ಚುನಾಯಿ ಕಡಿಯಿತು. ಅವನು ಸೂಜಿ ಹಾಕಿಸಿಕೊಳ್ಳಲಿಲ್ಲ. ಕೊನೆಗೆ ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಂಡು ಕಿರುಚುತ್ತಿದ್ದ. ಅವನ ಹೆಣವನ್ನು ಜೀಪಿಗೆ ಎತ್ತುವಾಗ ಸಾಹೇಬ್ರು ಒಂದು ಕಡೆ, ನಾನು ಒಂದು ಕಡೆ ಹಿಡಿದಿದ್ದೆವು. ಅವನ ಹೆಂಡತಿಯ ಅಳು ಬಹಳ ದಿನ ನನ್ನ ಕಿವಿಯಿಂದ ಹೋಗಲಿಲ್ಲ.

ಅದಾಗಿ ತಿಂಗಳೊಳಗೆ ಚುಕ್ಕಿ ತಿನ್ನುವುದನ್ನು ಬಿಟ್ಟಿತು. ಬಾಯಿಂದ ಜೊಲ್ಲು. ಒಂದು ಮಧ್ಯಾಹ್ನ ಶೆಟ್ರ ಅಂಗಡಿಗೆ ನುಗ್ಗಿ ಅಕ್ಕಿ ಮೂಟೆಯ ಮೇಲೆ ಕೂತು ಗುರ್ರೆನ್ನತೊಡಗಿತು. ಸಾಹೇಬ್ರು ಕೈ ಚಾಚಿದರು, ನಾನು ಹಿಂದಿನಿಂದ ಹೋದೆ, ಶೆಟ್ರು ಗೋಣಿಚೀಲದ ಬಾಯಿ ಅಗಲಿಸಿ ನಿಂತರು. ಒಂದು ನಿಮಿಷದೊಳಗೆ ಸಾಹೇಬ್ರ ಹೆಬ್ಬೆರಳು, ನನ್ನ ಮಣಿಕಟ್ಟು, ಶೆಟ್ರ ಮೀನಖಂಡ, ಮೂರೂ ಕಡೆ ಹಲ್ಲು ಇಳಿಸಿ, ಗೋಡೆ ಹಾರಿ ಕಾಫಿ ತೋಟದೊಳಗೆ ಮಾಯವಾಯಿತು.

ಡಾಕ್ಟರು ನಗಲಿಲ್ಲ.

"ಬೆಕ್ಕು ಸಿಕ್ಕಿದ್ರೆ ತಲೆ ಕಡಿದು ಪರೀಕ್ಷೆಗೆ ಕಳಿಸೋಣ. ಸಿಗೋ ತನಕ ಕಾಯುವ ಹಾಗಿಲ್ಲ. ಮೂವರೂ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸ್ಕೊಳ್ಳಿ. ಇವತ್ತೇ ಶುರು ಮಾಡಿ."

ಬಾಗಿಲಲ್ಲಿ ನಿಂತಿದ್ದ ಸಾಹೇಬ್ರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾರಿ ಹೊಟ್ಟೆಯ ಶೆಟ್ರು ತಮ್ಮನ್ನೇ ಒಮ್ಮೆ ಬಗ್ಗಿ ನೋಡಿಕೊಂಡು ಹೇಳಿದರು:

"ನನ್ನ ಹೊಕ್ಕುಳ ನಾನು ನೋಡಿ ಹತ್ತು ವರ್ಷ ಆಯ್ತು ಡಾಕ್ಟ್ರೇ. ಇದ್ಯೋ ಇಲ್ವೋ."

೪. ಬೆಂಚು

ದಿನವೂ ಮೊದಲ ಬಸ್ಸಿಗೆ ಕಳಸಕ್ಕೆ ಹೋಗಿ, ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಅಂಗಿ ಎತ್ತಿಕೊಂಡು ಮೂವರೂ ಸಾಲಾಗಿ ಕೂರಬೇಕು. ಚುಚ್ಚಿದಲ್ಲೆಲ್ಲ ಗಂಟು. ಮಗ್ಗುಲಾಗಿ ಮಲಗುವ ಹಾಗಿಲ್ಲ. ನೀರು ಕುಡಿಯುವಾಗ ಮೂವರೂ ಒಳಗೊಳಗೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆವು, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು. ಸಾಹೇಬ್ರ ಹೆಂಡತಿ ಸಂಜೆ ಒಣಮೀನು ಹಿಡಿದು ತೋಟದಲ್ಲಿ ಚುಕ್ಕೀ ಚುಕ್ಕೀ ಎಂದು ಕರೆದುಕೊಂಡು ತಿರುಗುತ್ತಿದ್ದರು. ಮೀನು ಖಾಲಿಯಾಗುತ್ತಿತ್ತು, ಬೆಕ್ಕಿನ ಸುದ್ದಿಯಿಲ್ಲ.

ಏಳನೇ ದಿನ ಶೆಟ್ರು ಬಾಯಿಬಿಟ್ಟರು. "ಸಾಹೇಬ್ರೇ, ನಾಳೆ ಯಾರಿರ್ತಾರೋ ಯಾರಿಲ್ವೋ. ಆ ಬೆಕ್ಕನ್ನ ಹಿಡ್ಕೊಂಡು ಹೋಗಿ ಅಂತ ಫಾರೆಸ್ಟ್ ಗಾರ್ಡಿಗೆ ನಾನೊಂದು ಸಲ ಹೇಳಿದ್ದೆ. ಮನಸ್ಸಲ್ಲಿ ಇಟ್ಕೋಬೇಡಿ."

ಸಾಹೇಬ್ರು ಶೆಟ್ರ ಕಡೆ ತಿರುಗಿದರು. "ಇರ್ಲಿ ಬಿಡಿ. ನಂದೂ ಒಂದು ತಪ್ಪಿದೆ. ಹಂಡೆಯಲ್ಲಿ ಅದನ್ನ ನೀವು ನೋಡಿದ್ದು ಆ ದಿನ. ನಾನು ನೋಡಿ ಆಗ್ಲೇ ಒಂದು ತಿಂಗಳಾಗಿತ್ತು."

ಶೆಟ್ರು ಕಣ್ಣು ಮುಚ್ಚಿ ಲೆಕ್ಕ ಹಾಕಿದಂತೆ ಕಂಡಿತು. ಆಮೇಲೆ ಅವರ ಹೊಟ್ಟೆ ಮೆಲ್ಲಗೆ ಕುಲುಕಲು ಶುರುವಾಯಿತು. ಸಾಹೇಬ್ರದ್ದೂ ಕುಲುಕಿತು. ನರ್ಸಮ್ಮ ಸೂಜಿ ಮೇಲೆತ್ತಿ ಗದರಿದರು:

"ನಗೋರು ಹೊರಗೆ ಹೋಗಿ ನಕ್ಕು ಬನ್ನಿ. ಸೂಜಿ ಒಳಗೆ ಮುರಿದ್ರೆ ತೆಗೆಯೋರು ಯಾರು?"

೫. ಅಟ್ಟದಿಂದ ಇಳಿದದ್ದು

ಹದಿನಾಲ್ಕನೆಯದು ಮುಗಿದ ದಿನ ಸಾಹೇಬ್ರು ನಮ್ಮಿಬ್ಬರನ್ನೂ ಮನೆಗೆ ಕರೆದರು. ಶೆಟ್ರು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಚಹಾ ಲೋಟ ಕೈಗೆ ಬರುವಷ್ಟರಲ್ಲಿ ಅಟ್ಟದ ಮೇಲೆ ಏನೋ ದೊಪ್ಪೆಂದಿತು. ಏಣಿಯ ಮೇಲಿಂದ ಚುಕ್ಕಿ ಮೆಲ್ಲಗೆ ಇಳಿದು ಬಂತು, ಮೊದಲಿಗಿಂತ ದಪ್ಪಗಾಗಿ.

ಮೂವರೂ ಗೋಡೆಗೆ ಒರಗಿದೆವು.

"ಇದು ಯಾವಾಗ ಬಂತು?" ಎಂದರು ಸಾಹೇಬ್ರು.

"ನಾಲ್ಕನೇ ದಿನ," ಎಂದರು ಹೆಂಡತಿ. ತೋಟದ ಚರಂಡಿಯಲ್ಲಿ ಬಿದ್ದಿತ್ತಂತೆ. ಬಾಯಿ ಬಿಡಿಸಿ ನೋಡಿದರೆ ಮೇಲಿನ ಹಲ್ಲುಗಳ ನಡುವೆ ಅಡ್ಡಲಾಗಿ ಒಂದು ಮೀನಿನ ಮುಳ್ಳು. ಬರಿಗೈ ಹಾಕಿ ಕಿತ್ತಿದ್ದರು.

ನಾನು ಚಹಾ ಲೋಟ ಕೆಳಗಿಟ್ಟೆ. "ಅದಕ್ಕೆ ನಿಜವಾಗ್ಲೂ ಹುಚ್ಚು ಹಿಡಿದಿದ್ರೆ ಎಂತ ಮಾಡ್ತಿದ್ರಿ ಅಮ್ಮಾ?"

"ಅಷ್ಟು ಪುಟ್ಟದ್ರಿಂದ ಸಾಕಿದ್ದು. ಒಬ್ಬಂಟಿಯಾಗಿ ಚರಂಡೀಲಿ ಸಾಯ್ಲಿ ಅಂತ ಬಿಟ್ಟು ಬರ್ಲಿಕ್ಕೆ ಆಗ್ಲಿಲ್ಲ." ಆಕೆಯ ಕಣ್ಣು ತುಂಬಿತ್ತು. ಅಷ್ಟು ದಿನವೂ ಹೆದರಿಕೊಂಡೇ ಅಟ್ಟಕ್ಕೆ ಅನ್ನ ಒಯ್ಯುತ್ತಿದ್ದರಂತೆ.

ಸಾಹೇಬ್ರು ಹೊಟ್ಟೆಯ ಗಂಟುಗಳನ್ನು ಸವರಿಕೊಂಡು ಕೇಳಿದರು. "ನಮಗೊಂದು ಮಾತು ಹೇಳಿದ್ರೆ ಒಂದಷ್ಟು ಸೂಜಿಯಾದ್ರೂ ಉಳೀತಿತ್ತಲ್ಲ ಮಾರಾಯ್ತಿ!"

ಆಕೆ ಚುಕ್ಕಿಯನ್ನು ಎತ್ತಿ ಎದೆಗೊತ್ತಿಕೊಂಡರು.

"ಹೇಳಿದ್ರೆ ಡಾಕ್ಟ್ರು ತಲೆ ಕಡಿಸ್ತಿದ್ರು. ಸೂಜಿ ಚುಚ್ಲಿಕ್ಕೆ ನಿಮಗೆ ಹೊಟ್ಟೆ ತುಂಬ ಜಾಗ ಇತ್ತು. ಇದಕ್ಕೆ ಇದ್ದದ್ದು ಒಂದೇ ತಲೆ."