ಅತ್ತೆಯ ಕಂಬಳಿ ತಿಂದ ಹುಳ

ಐವತ್ತು ದಾಟಿದ ಗಂಡಸಿಗೆ ಒಂದೋ ಮೊಣಕಾಲು ನೋವು ಶುರುವಾಗುತ್ತದೆ, ಇಲ್ಲವೇ ಹವ್ಯಾಸ. ಮೊಣಕಾಲಾದರೆ ಹರಪನಹಳ್ಳಿಗೆ ಹೋಗಿ ತೋರಿಸಿಕೊಂಡು ಬರಬಹುದು. ಹವ್ಯಾಸಕ್ಕೆ ಔಷಧಿಯಿಲ್ಲ, ಮನೆಯವರೆಲ್ಲ ಸೇರಿ ಅನುಭವಿಸಬೇಕು. ಕೂಡ್ಲಿಗಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಮೇಷ್ಟ್ರಾದ ನನಗೆ ಹತ್ತಿದ್ದು ಹುಳ ಕಟ್ಟುವ ಹವ್ಯಾಸ. ಗಾಬರಿಯಾಗಬೇಡಿ. ಚಳಿದೇಶಗಳ ಹೊಳೆಗಳಲ್ಲಿ, ಕಲ್ಲಿನಡಿಯಲ್ಲಿ, ಸ್ಟೋನ್‌ಫ್ಲೈ ಎಂಬ ನೊಣದ ಮರಿಹುಳ ಇರುತ್ತದಂತೆ. ಅಲ್ಲಿಯ ಮೀನುಗಳಿಗೆ ಅದೆಂದರೆ ಪ್ರಾಣ. ಅದಕ್ಕೇ ಅಲ್ಲಿನ ಜನ ಗಾಳದ ಕೊಕ್ಕೆಗೆ ಸೀಸದ ತಂತಿ ಸುತ್ತಿ, ಮೇಲೆ ಉಣ್ಣೆ, ದಾರ, ಪುಕ್ಕ ಬಿಗಿದು ಥೇಟ್ ಅಂಥದೇ ಹುಳ ಮಾಡುತ್ತಾರೆ. ಸೀಸದ ಭಾರಕ್ಕೆ ಅದು ತಳಕ್ಕಿಳಿಯುತ್ತದೆ, ಮೀನು ಮೋಸಹೋಗುತ್ತದೆ. ಮೊಬೈಲಿನಲ್ಲಿ ಇದನ್ನು ನೋಡಿದ ದಿನವೇ ನಾನು ಹುಟ್ಟಿದ್ದು ಯಾತಕ್ಕೆಂದು ಗೊತ್ತಾಯಿತು. ನಮ್ಮ ಕೂಡ್ಲಿಗಿಯಲ್ಲಿ ಕಲ್ಲಿಗೇನು ಬರ? ತಣ್ಣಗೆ ಹರಿಯುವ ಹೊಳೆ, ಆ ನೊಣ, ಆ ಮೀನು, ಇಷ್ಟು ಮಾತ್ರ ಇರಲಿಲ್ಲ.

ಸೀಸದ ತಂತಿಗೆ ಮೋಟರು ವೈಂಡಿಂಗ್ ಮಾಡುವ ರಫೀಕ್ ಸಾಬರ ಅಂಗಡಿಗೆ ಹೋದೆ. ಎಷ್ಟು ಎಚ್‌ಪಿ ಮೋಟರು ಎಂದು ಕೇಳಿದರು. ಹುಳಕ್ಕೆ ಎಂದೆ. ಅವರು ಇನ್ನೇನೂ ಕೇಳದೆ ಸೀಸ ಬೆರೆತ ಬೆಸುಗೆಯ ತಂತಿಯ ತುಂಡೊಂದನ್ನು ಕೊಟ್ಟು, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ವಿಚಾರಿಸಿದರು. ಪುಕ್ಕಕ್ಕೆ ಪಕ್ಕದ ಮನೆಯ ಕೋಳಿಗಳಿದ್ದವು. ಗಂಟು ಬಿಚ್ಚದಂತೆ ಬಳಿಯಲು ಹೆಂಡತಿಯ ಉಗುರುಬಣ್ಣವಿತ್ತು. ಮೈಗೆ ಮಾತ್ರ ಒಳ್ಳೆಯ ಕಪ್ಪು ಉಣ್ಣೆ ಬೇಕಾಗಿತ್ತು. ಕುರಿ ಕಾಯುವವರ ಸೀಮೆಯಲ್ಲಿ ಉಣ್ಣೆಗೆ ಎಲ್ಲಿಗೋ ಹೋಗಬೇಕೆ? ಟ್ರಂಕಿನಲ್ಲಿ ಅತ್ತೆಯ ಕರಿ ಕಂಬಳಿ ಇತ್ತು.

ಅದು ಹೊದೆಯುವ ಕಂಬಳಿಯಲ್ಲ. ಹೆಂಡತಿಯ ತವರಿನಲ್ಲಿ ಶುಭಕಾರ್ಯವಾದಾಗ ಅದನ್ನು ಹಾಸಿ, ಗದ್ದಿಗೆ ಮಾಡಿ, ಮೇಲೆ ಕಳಸ ಇಡುತ್ತಾರೆ. ಮುಕ್ಕಾದ ಕಂಬಳಿ ಗದ್ದಿಗೆಗೆ ನಡೆಯುವುದಿಲ್ಲ. ಅವರ ಮನೆಯಲ್ಲಿ ಇಲಿಕಾಟವೆಂದು ಮಗಳ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಇಲಿ ಇಲ್ಲದ ಮನೆ ಎಂದು ನಂಬಿದ್ದರು, ಪಾಪ. ನಾನು ಅಂಚಿನಿಂದ ಒಂದೊಂದೇ ಎಳೆ ಹಿರಿಯುತ್ತಾ ಹೋದೆ. ಒಂದು ಮೂಲೆ ಅಂಗೈ ಅಗಲ ಬೋಳಾಯಿತು. ಹುಳಗಳು ಮಾತ್ರ ಎಂಥ ಹುಳಗಳು! ಮೀಸೆ, ಕಾಲು, ಹಿಂದೆ ಎರಡು ಬಾಲ, ಎಲ್ಲ ಇದ್ದವು. ಊರಾಚೆಯ ಕೆರೆಗೆ ಒಯ್ದು ಬಿಟ್ಟೆ. ಭಾರಕ್ಕೆ ನೆಟ್ಟಗೆ ಹೂಳಿನೊಳಗೆ ಇಳಿದು ಅಲ್ಲೇ ಬೀಡುಬಿಟ್ಟವು. ಮೆಕ್ಕೆಜೋಳದ ಹಿಟ್ಟು ತಿಂದು ಬೆಳೆದ ನಮ್ಮ ಮೀನುಗಳಿಗೆ ಕಲೆ ಎಲ್ಲಿ ಅರ್ಥವಾಗಬೇಕು?

ಹೀಗಿರುವಾಗ ಅತ್ತೆ ಕಾನಹೊಸಹಳ್ಳಿಯ ಕಡೆಯಿಂದ ಬಸ್ಸು ಹಿಡಿದು ಬಂದರು. ಮಗನ ಮಗಳ ನಿಶ್ಚಿತಾರ್ಥ, ಕಂಬಳಿ ಬೇಕು. ಟ್ರಂಕು ತೆಗೆದರು, ಬಿಡಿಸಿದರು, ಬೋಳು ಮೂಲೆಯನ್ನು ಹಿಡಿದುಕೊಂಡು ಕೂತುಬಿಟ್ಟರು.

"ನಿನ್ನ ನಂಬಿ ಇಟ್ಟಿದ್ನಲ್ಲ, ಶಾಂತಿ," ಎಂದರು ಮಗಳಿಗೆ. "ನಿಮ್ಮಪ್ಪ ಇದನ್ನ ಒಂದಿನಾನೂ ಮೈಮ್ಯಾಲೆ ಹೊದ್ದವನಲ್ಲ."

ನನ್ನ ಹೆಂಡತಿ ಬಾಯಿಗೆ ಬಾಯಿ ಕೊಡುವವಳು. ಅವತ್ತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಧೈರ್ಯ ತಂದುಕೊಂಡು ಫ್ಯಾನಿನ ಕಡೆ ನೋಡುತ್ತಾ ಕೂತೆ.

ಅತ್ತೆ ಕಂಬಳಿ ತಿಂದ ಹುಳವನ್ನು ಹುಡುಕಲು ಹೊರಟರು. ಹಾಸಿಗೆ ಕೊಡವಿದರು, ಗೂಡು ತಡಕಿದರು, ಕೊನೆಗೆ ನನ್ನ ಮೇಜಿನ ಮೇಲಿನ ಡಬ್ಬಿ ತೆಗೆದರು. ಸಾಲಾಗಿ ಹುಳಗಳು, ಮೈತುಂಬ ಕಪ್ಪು ಉಣ್ಣೆ. ಸಾಕ್ಷಿ ಇನ್ನೇನು ಬೇಕು? ಸಿಕ್ಕವು ಎಂದು ಚಪ್ಪಲಿ ಎತ್ತಿಕೊಂಡರು. ನಾನು ಉಳಿದೆ, ಹೆಂಡತಿಯೂ ಉಳಿದಳು. ತಪ್ಪೆಲ್ಲ ಹುಳದ ತಲೆಗೆ ಹೋಯಿತು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅತ್ತೆ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹೊಲಸು ಹುಳ ಆದ್ರೂ ಕಾಲು ನೋಡ ಶಾಂತಿ, ಎಷ್ಟು ನಾಜೂಕು ಅದಾವು. ದೇವ್ರು ಎಂಥ ಕಸಬುದಾರ ಅದಾನ!"

ಇದೆಂಥ ಅನ್ಯಾಯ? ಒಂದೊಂದು ಕಾಲು ಕಟ್ಟಲು ನನ್ನ ಕಣ್ಣು ಸೋತುಹೋಗಿವೆ, ಹೆಸರು ಅವನಿಗೆ!

"ಅತ್ತಿ, ಅದನ್ನ ದೇವ್ರು ಮಾಡಿಲ್ರಿ. ನಾನು ಮಾಡೀನಿ."

ಹೆಂಡತಿ ಕಣ್ಣೊರೆಸುವುದನ್ನು ನಿಲ್ಲಿಸಿದಳು.

"ಈ ಕರೇ ಕೂದ್ಲು ಎಲ್ಲಿಂದ ತಂದ್ರಿ?" ಎಂದು ಮೆಲ್ಲಗೆ ಕೇಳಿದಳು.

ಅಳಿಯನನ್ನು ಬೈಯುವ ಪದ್ಧತಿ ಅತ್ತೆಯ ಕಡೆ ಇಲ್ಲ. ಬೈದಿದ್ದರೆ ವಾಸಿಯಿತ್ತು. ಕಂಬಳಿಯನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. "ಹುಳಕ್ಕ ಕಾಲು ಹಚ್ಚೋ ಕೈಗೆ ಒಂದು ಅಂಚು ಯಾವ ಲೆಕ್ಕ? ಕುಂದರ್ರಿ," ಎಂದರು. ಬೈಗುಳಗಳನ್ನೆಲ್ಲ ಹೆಂಡತಿ ವಹಿಸಿಕೊಂಡಳು. ತವರಿನಿಂದ ನೂಲು ಬಂತು. ನಾನು ಎಳೆಗೆ ಎಳೆ ಕೂಡಿಸಿ ಮೂಲೆ ತುಂಬಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಆಯಿತು.

ನಿಶ್ಚಿತಾರ್ಥದ ದಿನ ಕಂಬಳಿ ಹಾಸಿದ ಹಿರಿಯರೊಬ್ಬರು ಆ ಮೂಲೆಯ ಮೇಲೆ ಕೈಯಾಡಿಸಿ, ಇದನ್ನು ತುಂಬಿದವರು ಯಾರು, ನೇಯ್ದ ಹಾಗೇ ಇದೆಯಲ್ಲ ಎಂದರು. ಅತ್ತೆ ಅಳಿಯನ ಮಾನ ಉಳಿಸಿದರು. ಎರಡೂ ಕೈ ಮುಗಿದು, "ಎಲ್ಲಾ ಆ ದೇವ್ರು ಮಾಡಿದ್ದು," ಎಂದರು. ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ಹೆಂಡತಿ ನನ್ನ ಕಾಲು ತುಳಿದಳು. ಮುಚ್ಚಿದೆ.

ಊಟದ ಪಂಕ್ತಿಯಲ್ಲಿ ಆ ಹಿರಿಯರ ಪಕ್ಕವೇ ಜಾಗ ಹಿಡಿದು ಕೂತೆ. ಹುಗ್ಗಿ ಬರುವಷ್ಟರಲ್ಲಿ ಅವರಿಗೆ ಎಲ್ಲ ಹೇಳಿ ಮುಗಿಸಿದ್ದೆ. ಹುಗ್ಗಿ ಮುಗಿಯುವಷ್ಟರಲ್ಲಿ ಅವರು ತಮ್ಮ ಮನೆಯ ಹರಿದ ಕಂಬಳಿಗಳ ಮಾತು ತೆಗೆದರು.