ಮೆಕ್ಯಾನಿಕ್ ಮನೆಯ ಟೀವಿ ಕೆಟ್ಟ ದಿನ

ಎಲ್ಲದಕ್ಕೂ ಮೂಲ ಮಕ್ಕಳ ಡಾಕ್ಟರು ಆಡಿದ ಮಾತು.

"ಒಂದೂವರೆ ವರ್ಷ ಆದ್ರೂ ಒಂದು ಮಾತೂ ಬಂದಿಲ್ಲ ಅಂತೀರಿ. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ. ದಿನವಿಡೀ ಟೀವಿನೇ ಮಾತಾಡ್ತಿದ್ರೆ ಮಗು ಯಾಕ್ರೀ ಮಾತಾಡುತ್ತೆ? ಮೊದಲು ಅದನ್ನ ಆಫ್ ಮಾಡಿ. ನೀವು ಮಾತಾಡಿ."

ಟೀವಿ ರಿಪೇರಿಯವನಿಗೆ ಹೀಗೆ ಹೇಳುವುದೆಂದರೆ ಮೀನಿಗೆ ನೀರು ಬಿಡು ಎಂದ ಹಾಗೆ. ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಮಗಳು ಗುಬ್ಬಿ ತೊಟ್ಟಿಲಲ್ಲಿದ್ದಾಗಿನಿಂದಲೂ ಟೀವಿಯ ಬೆಳಕಿನಲ್ಲೇ ಹಾಲು ಕುಡಿದವಳು. ಅವಳು ಒಂದು ಸಲ, ಒಂದೇ ಒಂದು ಸಲ ತನ್ನನ್ನು ಅಪ್ಪ ಎಂದು ಕರೆಯಲಿ ಎಂದು ಅವನು ಕಾದು ಕಾದು ಸಾಕಾಗಿದ್ದ. ಹೆಂಡತಿಗೆ ಗೊತ್ತಾಗದಂತೆ ಮಗುವಿನ ಕಿವಿಯಲ್ಲಿ "ಅಪ್ಪ, ಅಪ್ಪ" ಎಂದು ಟ್ಯೂಷನ್ ಕೊಟ್ಟದ್ದೂ ಉಂಟು. ವಿದ್ಯಾರ್ಥಿನಿಗೆ ಆಸಕ್ತಿ ಇರಲಿಲ್ಲ.

ಮರುದಿನ ನರ್ಸ್ ಹೆಂಡತಿ ಆಸ್ಪತ್ರೆಗೆ ಹೊರಟು ಬಾಗಿಲಲ್ಲಿ ನಿಂತಳು. "ರೀ, ನಾನು ಬರೋವರೆಗೂ ಟೀವಿ ಹಾಕಬಾರದು."

"ನನ್ನ ಮೇಲೆ ನಂಬಿಕೆ ಇಲ್ವೇನೇ?"

"ಇಲ್ಲ."

ನಂಬಿಕೆ ಅವನಿಗೂ ಇರಲಿಲ್ಲ. ಆದ್ದರಿಂದ ಅವನು ಮೆಕ್ಯಾನಿಕ್ಕನ ತಲೆಗೆ ಮಾತ್ರ ಹೊಳೆಯುವಂಥ ಕೆಲಸ ಮಾಡಿದ. ಟೀವಿಯ ಬೆನ್ನು ಬಿಚ್ಚಿ, ಪವರ್ ಬೋರ್ಡನ್ನೇ ಕಳಚಿ, ಹೆಂಡತಿಯ ಕೈಚೀಲಕ್ಕೆ ಹಾಕಿ ಕಳಿಸಿಬಿಟ್ಟ.

ಮಧ್ಯಾಹ್ನದವರೆಗೆ ಎಲ್ಲವೂ ಸುಸೂತ್ರ. ಊಟದ ಬಟ್ಟಲು ಕಂಡದ್ದೇ ತಡ, ಗುಬ್ಬಿ ಕತ್ತಲಾದ ಟೀವಿಯ ಕಡೆ ಬೆರಳು ತೋರಿಸಿದಳು. ಅದು ಹತ್ತಿಕೊಳ್ಳಲಿಲ್ಲ. ಅಂಗೈಯಲ್ಲಿ ಬಡಿದಳು. ಆಗಲೂ ಹತ್ತಿಕೊಳ್ಳದಿದ್ದಾಗ ಸೂರು ಹಾರುವಂತೆ ಕಿರುಚಿದಳು.

ಮಹಡಿಯ ಮೇಲಿನ ಅಜ್ಜಿ ದಡದಡ ಇಳಿದು ಬಂದರು. "ಮಗೂನ ಹೊಡೀತಿದ್ದೀಯೇನೋ?"

"ಇಲ್ಲಜ್ಜಿ, ಊಟ ಮಾಡಿಸ್ತಿದ್ದೀನಿ."

"ಟೀವಿ ಹಾಕೋ ಮತ್ತೆ!"

"ಬರಲ್ಲಜ್ಜಿ."

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. "ರಿಪೇರಿಯವನ ಮನೇಲೇ ಟೀವಿ ಕೆಟ್ಟಿದೆಯಾ! ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ನೆ ಹೇಳಿದ್ರಾ?"

ಅಜ್ಜಿಯ ಗಂಟಲಿಗೆ ಮೈಕ್ ಬೇಡ. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕೇಳಿಸಿಕೊಂಡು ಚಪ್ಪಲಿ ಕೂಡ ಮೆಟ್ಟದೆ ಬಂದರು. ಅವರ ಟೀವಿ ರಿಪೇರಿಗೆ ಬಂದು ಅಂಗಡಿಯಲ್ಲೇ ಇತ್ತು.

"ನಿನ್ನದನ್ನೇ ಸರಿ ಮಾಡ್ಕೊಳ್ಳೋಕಾಗದವನು ನನ್ನದನ್ನೇನಯ್ಯಾ ಮಾಡ್ತೀಯ? ಕೊಡು ಇತ್ಲಾಗೆ."

"ನಿಮ್ಮದು ಸರಿ ಆಗಿದೆ ಮೇಷ್ಟ್ರೇ."

"ಹಾಗಾದ್ರೆ ಅದನ್ನೇ ಹಾಕು, ಮಗು ಊಟ ಮಾಡ್ಲಿ!" ಎಂದರು ಅಜ್ಜಿ. ಎಂದವರೇ ಮೇಷ್ಟ್ರ ಟೀವಿಯ ವೈರು ಹಿಡಿದು ಪ್ಲಗ್ಗಿನತ್ತ ಹೊರಟರು. ಅವನು ಇನ್ನೊಂದು ತುದಿ ಹಿಡಿದ. ನಡುವೆ ಮೇಷ್ಟ್ರು "ಅಯ್ಯೋ, ನನ್ನ ಟೀವಿ, ನನ್ನ ಟೀವಿ!" ಎಂದು ಅದನ್ನು ಕೂಸಿನಂತೆ ಅಪ್ಪಿಕೊಂಡು ಕೂತುಬಿಟ್ಟರು. ಗುಬ್ಬಿಯ ಮುಖ ಅತ್ತು ಅತ್ತು ಟೊಮೆಟೊ ಹಣ್ಣಾಗಿತ್ತು. ಅವನಿಗೂ ಅಳು ಬಂದಿತ್ತು, ಆದರೆ ಅಲ್ಲಿ ಸರದಿ ಸಿಗಲಿಲ್ಲ.

ಆಗ ಮೂಲೆಯಲ್ಲಿದ್ದ ಹಳೆಯ ಡುಬ್ಬ ಟೀವಿಯ ಖಾಲಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ಗಾಜೂ ಇಲ್ಲ, ಒಳಗೊಂದು ತಂತಿಯೂ ಇಲ್ಲ. ಅದನ್ನು ಮೇಜಿನ ಮೇಲೆ ಕುಕ್ಕಿ, ಹಿಂದಿನಿಂದ ತಲೆ ತೂರಿಸಿದ.

"ನಮಸ್ಕಾರ. ವಾರ್ತೆಗಳು. ಓದುತ್ತಿರುವವರು ಅಪ್ಪ."

ಕಿರುಚಾಟ ತಟ್ಟನೆ ನಿಂತಿತು.

"ಮುಖ್ಯಾಂಶಗಳು. ಗುಬ್ಬಿ ಬಾಯಿ ತೆರೆದಿದ್ದಾಳೆ. ಮೊದಲ ತುತ್ತು ಯಾವುದೇ ಕ್ಷಣದಲ್ಲಿ ಒಳಗೆ ಹೋಗುವ ನಿರೀಕ್ಷೆ ಇದೆ ಎಂದು ಮಹಡಿ ಅಜ್ಜಿಯ ಮೂಲಗಳು ತಿಳಿಸಿವೆ."

ಅಜ್ಜಿ ಗಬಕ್ಕನೆ ತುತ್ತಿಟ್ಟರು. ಗುಬ್ಬಿ ನುಂಗಿದಳು! ವಾರ್ತೆಯ ನಂತರ ಸೋಪಿನ ಜಾಹೀರಾತು, ಅದಾದ ಮೇಲೆ ಹವಾಮಾನ, ಬಳಿಕ ಅತ್ತೆ ಸೊಸೆ ಇಬ್ಬರ ಪಾತ್ರವನ್ನೂ ತಾನೇ ಮಾಡಿದ ಧಾರಾವಾಹಿ. ಪ್ರತಿಯೊಂದರ ಕೊನೆಗೂ "ನೋಡುತ್ತಿರಿ, ಅಪ್ಪ!" ಎಂಬ ಘೋಷಣೆ. ಬಟ್ಟಲು ಖಾಲಿಯಾಯಿತು, ಪ್ರೇಕ್ಷಕರು ಏಳಲಿಲ್ಲ. ಸ್ವಲ್ಪ ಹೊತ್ತು ಬಿಡುವು ಕೊಟ್ಟರೆ ಗುಬ್ಬಿ ತುಟಿ ಮುಂದೆ ಮಾಡುತ್ತಿದ್ದಳು. ಅಜ್ಜಿ ಸೊಸೆಯ ಪರ ವಹಿಸಿ ಕಣ್ಣೊರೆಸಿಕೊಂಡರು. ಮೇಷ್ಟ್ರಂತೂ, "ಕ್ರೀಡೆ ಯಾವಾಗಯ್ಯಾ?" ಎಂದು ಕೇಳಿದರು.

ಸಂಜೆ ಹೆಂಡತಿ ಒಳಗೆ ಬಂದಾಗ ಗಂಡನ ತಲೆ ಟೀವಿಯೊಳಗಿದ್ದು, ಎರಡೂ ತಂಡದ ಪರವಾಗಿ ಕಬಡ್ಡಿ ಆಡುತ್ತಿತ್ತು. ಅವಳು ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಗುಬ್ಬಿ ಎದ್ದು ನಿಂತು, ಪೆಟ್ಟಿಗೆಯ ಕಡೆ ಬೆರಳು ಚಾಚಿ, ಗಂಟೆ ಬಾರಿಸಿದಂತೆ ನುಡಿದಳು:

"ಅಪ್ಪ!"

ಹೆಂಡತಿಗೆ ಬಯ್ಗುಳ ಮರೆತೇಹೋಯಿತು. ಅವಳ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅವನಿಗೆ ಎದೆಯಲ್ಲಿ ಜಾಗ ಸಾಲಲಿಲ್ಲ. ಕಿವಿ ತರಚಿದ್ದೂ ತಿಳಿಯದೆ ತಲೆ ಹೊರಗೆಳೆದುಕೊಂಡು, ಓಡಿ ಬಂದು ಕೈ ಚಾಚಿದ. "ನನ್ನ ಬಂಗಾರ! ಎಲ್ಲಿ, ಇನ್ನೊಂದ್ಸಲ ಕರಿ!"

ಗುಬ್ಬಿ ಅವನನ್ನು ನೋಡಿದಳು. ಖಾಲಿ ಪೆಟ್ಟಿಗೆಯನ್ನು ನೋಡಿದಳು. ಅವನ ಮುಖವನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿ, ತಪ್ಪು ಹೆಜ್ಜೆ ಹಾಕುತ್ತ ಮೇಜಿನ ಹಿಂದೆ ಹೋಗಿ ಹುಡುಕಿದಳು.

"ಅಪ್ಪಾ? ಅಪ್ಪಾ?"

"ನಾನೇ ಕಣೇ ಅಪ್ಪ!" ಎಂದ ಅವನು.

ಗುಬ್ಬಿಯ ತುಟಿ ನಡುಗತೊಡಗಿತು. ಹೆಂಡತಿ ಅವಳನ್ನು ಎತ್ತಿಕೊಂಡು, ಗಂಡನತ್ತ ತಿರುಗಿಸಿ ಕೇಳಿದಳು: "ನೋಡು ಪುಟ್ಟಾ, ಇವರು ಯಾರು ಹೇಳು?"

ಗುಬ್ಬಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಹಳ ಯೋಚಿಸಿ, ತನ್ನ ಬಾಳಿನ ಎರಡನೆಯ ಮಾತನ್ನಾಡಿದಳು:

"ಮಾಮ."

"ಒಂದೇ ದಿನಕ್ಕೆ ಎರಡು ಮಾತು!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು.

ಮಾಮ ಮೇಜಿನ ಹಿಂದೆ ಹೋಗಿ ಪೆಟ್ಟಿಗೆಯೊಳಗೆ ತಲೆ ತೂರಿಸಿದ.