ಬೆಟ್ಟದ ಬಣ್ಣದ ಲಂಗ

ಮಕ್ಕಳು ಮರಿ ಇರೋ ಹೆಂಗಸು ಬೊಂಬೆಗೆ ಬಟ್ಟೆ ಹೊಲಿಯೋಕೆ ಕೂತಳು ಅಂದ್ರೆ, ಮಾನ ಹೋಗೋ ಪ್ರಸಂಗಗಳು ಮನೆ ವಿಳಾಸ ಕೇಳಿಕೊಂಡು ತಾವಾಗೇ ಬರ್ತವೆ. ನನಗಂತೂ ಒಂದಾದ ಮೇಲೆ ಒಂದು ಬಂದವು. ನನಗೆ ಅಕ್ಷರ ಬರೋದಿಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ನಡುನಡುವೆ ನಗು ತಡೆಯೋಕಾಗದೆ ಅವಳು ನಿಲ್ಲಿಸ್ತಾಳೆ. ನಾನು ನಿಲ್ಲಿಸೋದು ಬೇರೆ ಕಾರಣಕ್ಕೆ.

ಮದುವೆಯಾಗಿ ನಾನು ಶಿಡ್ಲಘಟ್ಟಕ್ಕೆ ಬಂದಾಗ ನಮ್ಮ ಹಿತ್ತಲಗೋಡೆಗೆ ಅಂಟಿಕೊಂಡೇ ಒಂದು ಸಾಬರ ಮನೆ ಇತ್ತು. ರೇಷ್ಮೆ ನೂಲು ಬಿಚ್ಚೋ ಮನೆ. ಆ ಮನೆ ಯಜಮಾನಿಯನ್ನ ಬೀದಿಯವರೆಲ್ಲ ಆಪಾ ಅನ್ನೋರು, ಅಂದ್ರೆ ಅಕ್ಕ. ನಾನೂ ಆಪಾ ಅಂದೆ. ಕೈಯಲ್ಲಿ ತಿರುಗಿಸೋ ಹೊಲಿಗೆ ಮಿಷನ್ನು ಅವಳ ಹತ್ತಿರ ಇತ್ತು. ನನಗೆ ಸೂಜಿ ಹಿಡಿಯೋದು ಕಲಿಸಿದ್ದೇ ಅವಳು. ಮುಚ್ಚಿದ ಗಾಡೀಲಿ ಮದುವಣಗಿತ್ತಿಯಾಗಿ ಬಂದವಳು ಆಮೇಲೆ ಹೊಸಲು ದಾಟಿದ್ದೇ ಅಪರೂಪ. ನನಗೋ ಕಾಲಲ್ಲಿ ಚಕ್ರ. ತವರು ತೊಂಡೇಬಾವಿ ಹತ್ತಿರ, ಅಕ್ಕನ್ನ ಕೊಟ್ಟಿದ್ದು ಮಂಡಿಕಲ್ಲಿಗೆ, ನಾದಿನಿ ಇದ್ದದ್ದು ಚಿಂತಾಮಣೀಲಿ. ನಾಮಕರಣ, ಸೀಮಂತ, ತಿಥಿ, ಏನಾದರೊಂದಕ್ಕೆ ಹೊರಟೇ ಇರ್ತಿದ್ದೆ.

ನಾನು ವಾಪಸ್ ಬಂದ ಕೂಡಲೇ ಆಪಾ ಗೋಡೆ ಆಚೆಯಿಂದ ಕೇಳೋಳು: ‘ಅಲ್ಲಿ ಜನ ಏನು ಉಟ್ಕೊಂಡಿದ್ರು ಹೇಳಮ್ಮಾ.’

ಬಾಯಲ್ಲಿ ಹೇಳಿದ್ರೆ ಅವಳಿಗೆ ಸಾಲದು. ಅದಕ್ಕೇ ಬಟ್ಟೆಯ ಬೊಂಬೆ ಮಾಡಿ, ಕಂಡ ಉಡುಪನ್ನೆಲ್ಲ ಹೊಲಿದು ತೋರಿಸೋಕೆ ಶುರು ಮಾಡಿದೆ. ಒಂದು ಬೊಂಬೆ ಮಾತ್ರ ನನ್ನ ಕೈಚೀಲದಲ್ಲಿ ಊರೂರು ತಿರುಗೋದು. ಮಿಕ್ಕವು ಆಪಾನ ಗೋಡೆ ಹಲಗೆ ಮೇಲೆ ಸಾಲಾಗಿ ಕೂತಿರೋವು. ಕಣ್ಣನ್ನ ಆಪಾನೇ ಕಪ್ಪು ದಾರದಲ್ಲಿ ಹಾಕೋಳು, ಬಾಯಿ ಹಾಕ್ತಿರಲಿಲ್ಲ. ಯಾಕೆ ಅಂದ್ರೆ, ‘ಊರು ನೋಡೋಕೆ ಕಣ್ಣು ಸಾಕು. ಮಾತಾಡೋಕೆ ನಾವಿಬ್ರು ಇಲ್ವಾ?’ ಅನ್ನೋಳು.

ಅವಳಿಗಿದ್ದದ್ದು ಒಂದೇ ಆಸೆ. ಚಿಂತಾಮಣಿ ಹಾದೀಲಿ ರೈಲಿನ ಕಿಟಕೀಲಿ ಕೂತು ಅಂಬಾಜಿದುರ್ಗದ ಬೆಟ್ಟ ನೋಡಬೇಕು. ಜನದ ಬಟ್ಟೆ ಹೊಲಿದು ತೋರಿಸಬಹುದು, ಬೆಟ್ಟವನ್ನ ಹೇಗೆ ತೋರಿಸಲಿ? ಒಂದು ಸಲ ಅದು ನೀಲಿ ಅಂದೆ. ಇನ್ನೊಂದು ಸಲ ಬೂದಿ ಬಣ್ಣ ಅಂದೆ. ‘ನಿನ್ನ ಕಣ್ಣು ಸರಿ ಇಲ್ಲ. ಬೆಟ್ಟ ಅಂದ್ರೆ ಹಸಿರೇ’ ಅಂತ ಅವಳ ವಾದ. ನೋಡದೇ ಇರೋರ ಹತ್ತಿರ ವಾದ ಮಾಡಿ ಗೆಲ್ಲೋಕಾಗುತ್ತಾ?

ಮಂಡಿಕಲ್ಲಿನವರ ಮೂಗು

ಮೊದಲನೇ ಬೊಂಬೆಯ ಹೊಟ್ಟೆಗೆ ಹತ್ತಿ ಬದಲು, ನೂಲು ಬಿಚ್ಚಿ ಉಳಿದ ರೇಷ್ಮೆ ಜುಂಗು ತುಂಬಿದ್ವಿ. ಮೆತ್ತಗಿರುತ್ತೆ ಅಂತ. ಬೆಂದ ಹುಳದ ಚೂರು ಅದರಲ್ಲಿ ಸೇರಿಕೊಂಡಿತ್ತು. ನಮ್ಮ ಊರಲ್ಲಿ ಆ ವಾಸನೆ ಬೀದೀಲಿ, ಹಾಸಿಗೇಲಿ, ಸಾರಲ್ಲಿ, ಎಲ್ಲೆಲ್ಲೂ ಇರೋದು. ನಮ್ಮ ಮೂಗು ಅದನ್ನ ಲೆಕ್ಕಕ್ಕೇ ತಗೋತಿರಲಿಲ್ಲ.

ಬೊಂಬೇನ ಮಡಿಲಲ್ಲಿಟ್ಟುಕೊಂಡು ಮಂಡಿಕಲ್ಲಿಗೆ ಹೊರಟೆ. ಸುಡುಬಿಸಿಲು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಊರು ದಾಟಿದ್ದೇ ತಡ, ಮುಂದಿನ ಸೀಟಿನ ಯಜಮಾನರು ಟವಲಿಂದ ಮೂಗು ಮುಚ್ಚಿಕೊಂಡರು. ‘ಕಂಡಕ್ಟ್ರೇ, ಬಸ್ಸಲ್ಲಿ ಏನೋ ಸತ್ತಿದೆ ಕಣಯ್ಯಾ!’

ಕಂಡಕ್ಟರು ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದ. ಒಬ್ಬ ಕೋಳಿ ಇಟ್ಟುಕೊಂಡಿದ್ದ. ‘ನಿನ್ನ ಕೋಳಿ ಸತ್ತು ಎಷ್ಟು ದಿನ ಆಯ್ತೋ?’ ಅಂದ್ರು. ಅವನು ಕೋಪದಿಂದ ಎತ್ತಿ ತೋರಿಸಿದ. ಅದು ಕಂಡಕ್ಟರ ಮುಖಕ್ಕೇ ಕೊಕ್ಕೊಕ್ಕೋ ಅಂತು. ಆಮೇಲೆ ಎಲ್ಲರೂ ಒಬ್ಬ ಮೇಷ್ಟ್ರ ಬೂಟಿನ ಮೇಲೆ ಬಿದ್ದರು. ಪಾಪ, ಅವರು ಬಿಚ್ಚಿ ಒಬ್ಬೊಬ್ಬರ ಮೂಗಿಗೂ ಹಿಡಿದು ತೋರಿಸಿದರು. ಎಲ್ಲರೂ ಮುಚ್ಚಿದ್ದಾರಲ್ಲ ಅಂತ ನಾನೂ ಸೆರಗು ಮೂಗಿಗೆ ಹಿಡಿದುಕೊಂಡೆ.

‘ನೀನು ಯಾವೂರಮ್ಮಾ?’ ಕಂಡಕ್ಟರು ಕೇಳಿದ.

‘ಶಿಡ್ಲಘಟ್ಟ.’

ಬಸ್ಸಿಗೆ ಬಸ್ಸೇ ‘ಓ...’ ಅಂತು. ಹಿಂದಿನ ಉದ್ದ ಸೀಟು ಪೂರ್ತಿ ನನಗೊಬ್ಬಳಿಗೇ ಬಿಟ್ಟುಕೊಟ್ಟರು. ಜನ್ಮದಲ್ಲಿ ಅಷ್ಟು ಆರಾಮಾಗಿ ಬಸ್ಸಲ್ಲಿ ಹೋಗಿರಲಿಲ್ಲ. ಅಕ್ಕನ ಮನೆ ಬಾಗಿಲಿಗೆ ಹೋದ್ರೆ ಬೀದಿ ಬೆಕ್ಕುಗಳೆಲ್ಲ ನನ್ನ ಹಿಂದೆ. ‘ನೀನು ಬಂದಿದ್ದು ನಮಗಿಂತ ಮೊದಲು ಬೆಕ್ಕುಗಳಿಗೇ ಗೊತ್ತಾಯ್ತಲ್ಲೇ!’ ಅಂದಳು ಅಕ್ಕ.

ಬಂದು ಆಪಾಗೆ ಹೇಳಿದೆ. ಅವಳು ಬೊಂಬೇನ ಮೂಸಿ ನೋಡಿದಳು. ನಾನೂ ಮೂಸಿದೆ. ಮತ್ತೆ ಅವಳು ಮೂಸಿದಳು. ‘ಏನೂ ಇಲ್ವಲ್ಲಮ್ಮಾ?’ ಅಂದಳು. ಮಂಡಿಕಲ್ಲಿನವರ ಮೂಗು ಕೆಟ್ಟಿದೆ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ವಿ.

ಬೆನ್ನು ಹಿಡಿದುಕೊಂಡ ಸಾಹೇಬರು

‘ಸ್ಟೇಷನ್ ಮಾಸ್ಟರ್ ಕೋಟು ಹೇಗಿರುತ್ತೆ? ನೋಡ್ಕೊಂಡ್ ಬಾ’ ಅಂತ ಒಂದು ಸಲ ಆಪಾ ಹೇಳಿ ಕಳಿಸಿದಳು. ತವರಿಂದ ಗೌರಿಬಿದನೂರಿಗೆ ಸಂತೆ ಸಾಮಾನು ತರೋಕೆ ಹೊರಟು ತೊಂಡೇಬಾವಿ ಸ್ಟೇಷನ್ನಲ್ಲಿ ನಿಂತಿದ್ದೆ. ಮಾಸ್ಟರು ಹೊರಗೆ ಬಂದರು. ಬಿಳೀ ಕೋಟು. ಮುಂದಿನ ಗುಂಡಿ, ಜೇಬು, ಕಾಲರು ಎಲ್ಲ ಕಣ್ಣಲ್ಲೇ ಬರೆದುಕೊಂಡೆ. ಹಿಂದೆ ಸೀಳು ಇದೆಯೋ ಇಲ್ಲವೋ ಕಾಣಿಸಲಿಲ್ಲ.

ಅವರು ಆ ಕಡೆ ಹೋದ್ರೆ ನಾನೂ ಆ ಕಡೆ. ಈ ಕಡೆ ಬಂದ್ರೆ ನಾನೂ ಈ ಕಡೆ. ಕೊನೆಗೆ ಅವರೇ ನಿಂತು, ‘ಏನಮ್ಮಾ? ಏನಾಗಬೇಕು?’ ಅಂದರು.

‘ಏನಿಲ್ಲ ಸ್ವಾಮೀ. ಒಂದು ಸಲ ಆ ಕಡೆ ತಿರುಗಿ.’

ದೊಡ್ಡ ಮನುಷ್ಯ, ತಿರುಗಿಯೇಬಿಟ್ಟರು. ನಾನು ಹತ್ತಿರ ಹೋಗಿ ಬಗ್ಗಿ ನೋಡಿ, ‘ಅಯ್ಯೋ, ಸೀಳಿದೆ!’ ಅಂದೆ.

ಕೋಟು ಹೊಲಿದಿರೋ ರೀತಿಯನ್ನ ನಾನು ಹೇಳಿದ್ದು. ಅವರು ಕೋಟು ಹರಿದಿದೆ ಅಂದುಕೊಂಡರು. ಫಟ್ಟಂತ ಒಂದು ಕೈ ಬೆನ್ನಿಗೆ ಹೋಯ್ತು. ರೈಲು ಬಂತು. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈ ಬೆನ್ನಿಂದ ಕದಲಲಿಲ್ಲ. ನಾನು ರೈಲು ಹತ್ತಿ ನೋಡ್ತೀನಿ, ಗೋಡೆಗೆ ಬೆನ್ನು ಕೊಟ್ಟುಕೊಂಡು ಪಕ್ಕಪಕ್ಕಕ್ಕೆ ಹೆಜ್ಜೆ ಇಡ್ತಾ ಆಫೀಸಿನ ಬಾಗಿಲು ಸೇರ್ತಿದ್ದಾರೆ.

ನೋಡಿದ್ದನ್ನ ನೋಡಿದ ಹಾಗೇ ಹೊಲೀಬೇಕಲ್ಲ? ಮಾಸ್ಟರ್ ಬೊಂಬೆಯ ಒಂದು ಕೈಯನ್ನ ಬೆನ್ನಿಗೆ ಸೇರಿಸಿ ಹೊಲಿದುಬಿಟ್ಟೆ. ಸ್ಟೇಷನ್ ಮಾಸ್ಟರು ಅಂದ್ರೆ ಸರ್ಕಾರದ ಕಾನೂನಿನ ಪ್ರಕಾರ ಹಾಗೇ ನಿಲ್ಲಬೇಕು ಅಂತ ಆಪಾ ನಂಬಿದಳು. ನಾನು ತಿದ್ದೋಕೆ ಹೋಗಲಿಲ್ಲ, ಅಷ್ಟು ಗೌರವದಿಂದ ಅದನ್ನ ಹಲಗೆ ಮೇಲೆ ಎಲ್ಲಕ್ಕಿಂತ ಮುಂದೆ ಕೂರಿಸಿದ್ದಳು.

ಬೊಂಬೆಯ ತೋಳಿನ ಕಾಸು

ಆಪಾನ ಮನೇಲಿ ಯಾರಾದರೂ ಪ್ರಯಾಣ ಹೊರಟರೆ ಒಂದು ಕಾಸನ್ನ ಬಟ್ಟೇಲಿ ಹೊಲಿದು ತೋಳಿಗೆ ಕಟ್ಟೋರು. ಸುಖವಾಗಿ ಊರು ತಲುಪಿದ ಮೇಲೆ ಆ ಕಾಸನ್ನ ಬಡವರಿಗೆ ಕೊಡಬೇಕು. ಇಮಾಮ್ ಜಾಮಿನ್ ಅಂತ ಅದಕ್ಕೆ ಹೆಸರು. ನಾನು ಹೊರಟಾಗೆಲ್ಲ ಆಪಾ ನನ್ನ ತೋಳಿಗೊಂದು ಕಟ್ಟೋಳು, ಬೊಂಬೆಗೂ ಪುಟ್ಟದೊಂದು ಕಟ್ಟೋಳು. ‘ಅದೂ ಬರ್ತಿದೆಯಲ್ಲ, ಅದಕ್ಕೆ ಯಾರು ದಿಕ್ಕು?’ ಅನ್ನೋಳು.

ಚಿಂತಾಮಣಿಗೆ ಹೋದಾಗ ನಾದಿನಿ ನನ್ನ ಕೈಚೀಲ ಬಿಚ್ಚಿದಳು. ಬೊಂಬೆ, ತೋಳಲ್ಲಿ ಹಸಿರು ಬಟ್ಟೆಯ ಗಂಟು. ‘ಅಯ್ಯಯ್ಯೋ, ಮಾಟ! ಯಾರೋ ಮಾಟ ಮಾಡಿ ಕಳ್ಸಿದ್ದಾರೆ ಕಣೇ!’ ಅಂತ ಕಿರುಚಿದಳು. ಒಣಮೆಣಸಿನಕಾಯಿ ತಂದು ಇಳಿ ತೆಗೆದು ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬಂದರು. ಬೊಂಬೇನ ಚಿಮಟದಲ್ಲಿ ಹಿಡಿದು ತಿಪ್ಪೆಗೆ ಹಾಕೋಕೆ ಹೊರಟವಳ ಸೆರಗು ಹಿಡಿದು ಎಳೆದು, ಇದು ಇಂಥಾದ್ದು ಅಂತ ನಾನು ಬಿಡಿಸಿ ಹೇಳಬೇಕಾಯ್ತು. ಅವಳು ನಂಬಲಿಲ್ಲ. ನಾನಿದ್ದಷ್ಟು ದಿನ ಬೊಂಬೆ ಹಿತ್ತಲ ಸೌದೆ ಮೇಲೇ ಮಲಗ್ತು.

ಹೊರಡೋ ದಿನ ಬಸ್ಸಿನ ತನಕ ಬಂದಳು. ಆಚೀಚೆ ನೋಡಿ ಕಿವಿ ಹತ್ತಿರ ಬಗ್ಗಿದಳು. ‘ಮುಂದಿನ ವಾರ ಕೋಲಾರಕ್ಕೆ ಹೋಗಬೇಕು. ನಿನ್ನ ಆಪಾಗೆ ಹೇಳಿ ನನ್ನ ತೋಳಿಗೂ ಒಂದು ಹೊಲಿಸ್ಕೊಡೇ. ದೊಡ್ಡದೇ ಇರ್ಲಿ, ನಾನು ಸ್ವಲ್ಪ ದಪ್ಪ.’

ಸೂಜಿಗೆ ದಾರ

ಕೊನೆಗೂ ಆಪಾಗೆ ರೈಲಿನ ಯೋಗ ಬಂತು. ಅವಳ ತಂಗಿಯ ಮಗಳಿಗೆ ಚಿಂತಾಮಣೀಲಿ ಮದುವೆ. ಹೆಂಗಸರ ಡಬ್ಬೀಲಿ ನನ್ನ ಜೊತೆ ಹೋಗಬಹುದು ಅಂತ ಅವಳ ಗಂಡ ಒಪ್ಪಿಕೊಂಡರು. ಹಿಂದಿನ ವಾರದಿಂದಲೇ ಅವಳು ನೆಲದ ಮೇಲಿರಲಿಲ್ಲ. ಹಸಿರು, ನೀಲಿ, ಬೂದಿ, ಮೂರು ಬಣ್ಣದ ತುಂಡು ತೆಗೆದಿಟ್ಟಳು. ಬೆಟ್ಟ ಕಂಡ ಕೂಡಲೇ ಮೂರನ್ನೂ ಅದರ ಎದುರಿಗೆ ಹಿಡಿಯೋದು, ಯಾವುದು ಹೊಂದುತ್ತೋ ಅದನ್ನ ಅಲ್ಲೇ ಬೊಂಬೆಗೆ ಟಾಕಾ ಹಾಕೋದು. ‘ಆಮೇಲೆ ನೀನು ಮಾತು ಬದಲಾಯಿಸಬಾರದು ನೋಡು!’ ಅಂದಳು.

ಸ್ಟೇಷನ್ನಿಗೆ ಹೋದ್ವಿ. ಪುಟ್ಟ ರೈಲು ನಿಂತಿತ್ತು. ಆಪಾ ಮಾತ್ರ ಹತ್ತಲೊಲ್ಲಳು. ಬುರ್ಖಾ ಒಳಗಿಂದಲೇ ನನ್ನ ಕೈ ಗಿಲ್ಲಿದಳು. ‘ಅಮ್ಮಾ, ಇದರಲ್ಲಿ ಬೇಡ. ಅಲ್ನೋಡು, ಎರಡು ಕೈನೂ ಮುಂದೆ ಇಟ್ಕೊಂಡಿದ್ದಾನೆ. ಅವನು ಸ್ಟೇಷನ್ ಮಾಸ್ಟರೇ ಅಲ್ಲ!’

ಗಾರ್ಡು ಸೀಟಿ ಊದಿದ. ಅವಳು ಕದಲಲಿಲ್ಲ. ನಾನು ಓಡಿಹೋಗಿ ಆ ಮಾಸ್ಟರಿಗೆ ಕೈ ಮುಗಿದೆ. ‘ಸ್ವಾಮೀ, ನಿಮ್ಮ ಮಕ್ಕಳು ಚೆನ್ನಾಗಿರ್ಲಿ. ಒಂದು ಕೈನ ಸ್ವಲ್ಪ ಬೆನ್ನ ಹಿಂದೆ ಇಟ್ಕೊಳಿ.’ ಅವರಿಗೆ ತಲೆಬುಡ ಅರ್ಥವಾಗಲಿಲ್ಲ, ಆದ್ರೂ ಇಟ್ಟುಕೊಂಡರು. ‘ಹಾಂ, ಈಗ ಸರಿ’ ಅಂತ ಆಪಾ ಹತ್ತಿದಳು.

ಒಳಗೆ ಬುರ್ಖಾ ಮುಸುಕು ಹಿಂದಕ್ಕೆ ಹಾಕಿ ಕಿಟಕಿ ಪಕ್ಕ ಕೂತಳು. ಕೂತಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ‘ಇವರು ನಿನ್ನ ಗೌರಿಬಿದನೂರಿನ ಬೊಂಬೆ ಥರಾನೇ ಉಟ್ಟಿದ್ದಾರೆ. ಆದ್ರೆ ಎಷ್ಟು ದೊಡ್ಡೋರು!’ ಅಂದಳು. ಬೊಂಬೇನ ಕಿಟಕಿ ಕಟ್ಟೆ ಮೇಲೆ ಹೊರಗೆ ಮುಖ ಮಾಡಿ ಕೂರಿಸಿ, ‘ನೀನೂ ನೋಡು’ ಅಂದಳು.

ಬೆಟ್ಟ ಬರೋಕೆ ಮೊದಲೇ ಸೂಜಿಗೆ ದಾರ ಪೋಣಿಸಿ ಸಿದ್ಧವಾಗಿರೋಣ ಅಂತ ಸೂಜಿ ತೆಗೆದಳು. ಆ ರೈಲಿನ ಕುಲುಕು ಗೊತ್ತಿದ್ದೋರಿಗೇ ಗೊತ್ತು. ಸೂಜಿ ಈ ಕಡೆ ಬಂದ್ರೆ ದಾರ ಆ ಕಡೆ. ‘ಇಲ್ಲಿ ಕೊಡು ಆಪಾ’ ಅಂತ ನಾನು ಬಗ್ಗಿದೆ. ನನಗೂ ಆಗಲಿಲ್ಲ. ಎದುರಿನ ಹೆಂಗಸು, ‘ನನ್ನ ಕಣ್ಣು ಚುರುಕು, ನನಗೆ ಕೊಡಿ’ ಅಂತ ಕಸಿದುಕೊಂಡಳು. ಪಕ್ಕದ ತೆಲುಗಿನ ಅಜ್ಜಿ, ‘ತಡಿ ಚೇಯಮ್ಮಾ, ತಡಿ ಚೇಯಿ’ ಅಂತ ತಾನೇ ದಾರವನ್ನ ಬಾಯಲ್ಲಿಟ್ಟು ಒದ್ದೆ ಮಾಡಿಕೊಟ್ಟಳು. ಅಷ್ಟರಲ್ಲಿ ಸೂಜಿ ಬಿತ್ತು. ‘ಅಯ್ಯೋ, ಮಗೂಗೆ ಚುಚ್ಚೀತು!’ ಅಂತ ಮಗು ಎತ್ತಿಕೊಂಡಿದ್ದವಳೊಬ್ಬಳು ಬೆಂಚು ಹತ್ತಿ ನಿಂತಳು. ಎಲ್ಲರೂ ನೆಲ ತಡಕಿದ್ವಿ. ನೋಡಿದ್ರೆ ಅಜ್ಜಿಯ ಸೀರೆ ನೆರಿಗೇಲೇ ಚುಚ್ಚಿಕೊಂಡಿತ್ತು. ಮತ್ತೆ ಎಲ್ಲರ ತಲೆಯೂ ಒಂದೇ ಸೂಜಿ ಮೇಲೆ ಬಗ್ಗಿತು. ಅಂತೂ ದಾರ ಹೊಕ್ಕಿತು. ಡಬ್ಬಿಗೆ ಡಬ್ಬಿಯೇ ಮದುವೆ ಮಾಡಿ ಮುಗಿಸಿದ ಹಾಗೆ ಬೀಗಿತು.

ಆಪಾ ಮೂರು ತುಂಡನ್ನೂ ಕೈಯಲ್ಲಿ ಹಿಡಿದು, ಮುಸುಕು ಸರಿಮಾಡಿಕೊಂಡು ತಲೆ ಎತ್ತಿದಳು. ‘ಸರಿ, ಈಗ ತೋರ್ಸು. ಎಲ್ಲಿ ಬೆಟ್ಟ?’

ಕಿಟಕಿ ಆಚೆ ಚಿಂತಾಮಣಿ ಸ್ಟೇಷನ್ನು. ಒಂದು ಕತ್ತೆ ನಿಂತುಕೊಂಡು ನಮ್ಮನ್ನ ನೋಡ್ತಿತ್ತು.

ಸೈಕಲ್ಲಿನವರು ಪಕ್ಕದಲ್ಲಿ ಮಾತಾಡಿಕೊಂಡು ಬರೋ ಅಂಥ ರೈಲು ಅದು. ಅದರಲ್ಲಿ ಕೂತು ಅಷ್ಟು ದೊಡ್ಡ ಬೆಟ್ಟ ತಪ್ಪಿಸಿಕೊಂಡವರು ಈ ಭೂಮಿ ಮೇಲೆ ನಾವೇ ಇರಬೇಕು. ಆಪಾ ಕತ್ತೇನ ನೋಡಿದಳು, ಕೈಯಲ್ಲಿದ್ದ ತುಂಡುಗಳನ್ನ ನೋಡಿದಳು. ಆಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. ನೀಲಿ ತುಂಡಲ್ಲಿ ಒರೆಸಿಕೊಂಡಳು. ‘ಹೋಗ್ಲಿ ಬಿಡಮ್ಮಾ, ವಾಪಸ್ ಬರ್ತಾ ನೋಡಣ’ ಅಂದಳು.

ಸಾಕ್ಷಿ

ವಾಪಸ್ ಬರೋವಾಗ ಅವಳ ಗಂಡ ಯಾರದೋ ವ್ಯಾನು ತಂದಿದ್ದರು, ಕಿಟಕಿಗೆಲ್ಲ ಬೆಡ್‌ಶೀಟು ಕಟ್ಟಿ. ಮುಂದಿನ ಸಲ ಅಂದ್ವಿ. ಮುಂದಿನ ಸಲ ನನ್ನ ಬಾಣಂತನ ಬಂತು. ಅದರ ಮುಂದಿನ ಸಲ ಅವಳ ಮಗಳ ಮದುವೆ. ಆಮೇಲೆ ಅವರ ನೂಲಿನ ಕೆಲಸ ರಾಮನಗರಕ್ಕೆ ಹೋಯ್ತು, ಮನೆಯೂ ಹೋಯ್ತು.

ಸಾಮಾನು ಕಟ್ಟೋ ದಿನ ಗೋಡೆ ಮೇಲಿಂದ, ನಮ್ಮ ಜೊತೆ ರೈಲಲ್ಲಿ ಬಂದಿದ್ದ ಬೊಂಬೇನ ನನ್ನ ಕೈಗೆ ಕೊಟ್ಟಳು. ಅದಕ್ಕೆ ಹೊಸ ಲಂಗ ಹಾಕಿದ್ದಳು. ಹಸಿರೊಂದು ಪಟ್ಟಿ, ನೀಲಿಯೊಂದು ಪಟ್ಟಿ, ಬೂದಿಯೊಂದು ಪಟ್ಟಿ. ತೋಳಿಗೆ ಕಾಸಿನ ಗಂಟು.

‘ಹೋಗ್ತಿರೋದು ನೀನು, ಇದಕ್ಕೆ ಯಾಕೆ ಕಟ್ಟಿದೆ ಆಪಾ?’ ಅಂದೆ.

‘ನಾವೆಲ್ಲ ಸೂಜಿ ನೋಡ್ತಿದ್ವಿ. ಇದೊಂದೇ ಕಿಟಕಿ ಆಚೆ ಮುಖ ಮಾಡ್ಕೊಂಡಿತ್ತು. ಬೆಟ್ಟ ನೋಡಿದ್ದು ಇದೊಂದೇ ಕಣಮ್ಮಾ’ ಅಂದಳು. ‘ಯಾವ ಬಣ್ಣ ಅಂತ ಇದನ್ನೇ ಕೇಳ್ಕೊ. ಹಸಿರು ಅನ್ನೋ ನನ್ನ ಮಾತು ಸುಳ್ಳಾದ್ರೆ ಹೇಳಿ ಕಳ್ಸು.’

ಅವಳು ತೀರಿಕೊಂಡ ಸುದ್ದಿ ನನಗೆ ಬಂದದ್ದು ಬಹಳ ತಡವಾಗಿ. ನಾನು ಆಮೇಲೂ ಚಿಂತಾಮಣಿಗೆ ಎಷ್ಟೋ ಸಲ ಹೋದೆ. ಬೆಟ್ಟ ಬರೋ ಹೊತ್ತಿಗೆ ನನಗೆ ತಲೆ ಎತ್ತೋಕೆ ಮನಸ್ಸಾಗ್ತಿರಲಿಲ್ಲ, ಚೀಲದಲ್ಲಿ ಏನೋ ಹುಡುಕೋ ಥರ ಬಗ್ಗಿಬಿಡ್ತಿದ್ದೆ.

ಬೊಂಬೆ ಈಗಲೂ ನನ್ನ ಹತ್ತಿರ ಇದೆ. ತೋಳಿನ ಕಾಸು ಬಿಚ್ಚಿಲ್ಲ, ಅದಿನ್ನೂ ಊರು ತಲುಪಿದೆ ಅಂತ ನನಗನ್ನಿಸಿಲ್ಲ. ದಿನಾ ಎದ್ದು ಅದನ್ನ ಎದುರಿಗೆ ಕೂರಿಸಿಕೊಂಡು ಕೇಳ್ತೀನಿ: ಹೇಳೇ, ಹಸಿರಾ, ನೀಲೀನಾ, ಬೂದೀನಾ? ಎರಡು ಕಪ್ಪು ಕಣ್ಣಲ್ಲಿ ನನ್ನನ್ನೇ ನೋಡುತ್ತೆ. ಅಷ್ಟೆಲ್ಲ ಜಾಣೆ ನಮ್ಮ ಆಪಾ, ಸಾಕ್ಷಿ ಬಿಟ್ಟು ಹೋದಳು, ಸಾಕ್ಷಿಗೆ ಒಂದು ಬಾಯಿ ಹಾಕೋದನ್ನ ಮರೆತುಹೋದಳು.